ಕಾರು ಕಾಯಿಸುವ ಶಾಸ್ತ್ರ

ಅಂಗಳದ ಮೂಲೆಯಲ್ಲಿ ದೊಡ್ಡದೊಂದು ಹೊಂಗೆ ಮರವಿತ್ತು. ಅದರ ಕೆಳಗೆ ಎರಡು ಕಾರು ಆರಾಮವಾಗಿ ನಿಲ್ಲುವಷ್ಟು ನೆರಳಿತ್ತು. ಆ ನೆರಳಿನಲ್ಲಿ ಗಂಡಿನ ಮನೆಯವರು ಕುರ್ಚಿ ಹಾಕಿಸಿಕೊಂಡು ಕೂತರು. ನಮ್ಮ ಕಾರನ್ನು ಮಾತ್ರ ಅಂಗಳದ ನಟ್ಟನಡುವೆ, ಕಡ್ಡಿಯಷ್ಟು ನೆರಳೂ ಬೀಳದ ಕಡೆ ನಿಲ್ಲಿಸಿದರು. ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿದರು. ನಾಲ್ಕೂ ಬಾಗಿಲು ಮುಚ್ಚಿ, ಡ್ರೈವರ್ ಕಡೆಯ ಗಾಜನ್ನು ಒಂದು ಬೆರಳಷ್ಟು ಇಳಿಸಿದರು. ಹೆಣ್ಣಿನ ಕಡೆಯವರಾದ ನನಗೂ ಅಪ್ಪನಿಗೂ ಜಗಲಿಯ ಮೇಲೆ ಚಾಪೆ. ಅಕ್ಕನಿಗೆ ಅದೂ ಇಲ್ಲ. ಅವಳು ಕಾರಿನ ಪಕ್ಕದಲ್ಲೇ, ಬಿಸಿಲಲ್ಲೇ ಸ್ಟೂಲಿನ ಮೇಲೆ ಕೂರಬೇಕು. ಕಾರಿನೊಳಗಿಂದ ಬರುವ ಪ್ರತಿ ಮಾತಿಗೂ ಇದು ನನ್ನದು, ಇದು ನನ್ನದಲ್ಲ ಎಂದು ಹೇಳುತ್ತಾ ಹೋಗಬೇಕು. ಕಾರು ಕಾಯಿಸುವ ಶಾಸ್ತ್ರ ಎನ್ನುತ್ತಾರೆ ಇದಕ್ಕೆ. ಕಳ್ಳರನ್ನು ಹಿಡಿದಾಗಲೂ ಪೊಲೀಸರು ನೆರಳಿನಲ್ಲಿ ಕೂರಿಸಿ ವಿಚಾರಿಸುತ್ತಾರೆ. ಮದುವೆಯಾಗಲು ಒಪ್ಪಿದ ಹುಡುಗಿಗೆ ನಮ್ಮೂರಿನಲ್ಲಿ ಆ ಮರ್ಯಾದೆಯೂ ಇಲ್ಲ.

ನಮ್ಮೂರಿನಲ್ಲಿ ಗಾಜು ಮುಚ್ಚಿದ ಕಾರಿನೊಳಗೆ ಆಡಿದ ಮಾತು ಕಾರಿನಲ್ಲೇ ಉಳಿಯುತ್ತದೆ. ಕಾರು ಬಿಸಿಲಿನಲ್ಲಿ ನಿಂತಾಗ ಹೊರಗೆ ಬರುತ್ತದೆ. ಮೊದಲು ಕಾಯುವುದು ಸ್ಟೀರಿಂಗ್, ಅದರ ಹಿಂದೆಯೇ ಡ್ಯಾಶ್‌ಬೋರ್ಡ್. ಅವು ಎರಡೂ ಬೇಗ ಬಾಯಿ ಬಿಡುತ್ತವೆ. ಸೀಟಿನ ಸ್ಪಂಜು ನಿಧಾನ. ಅದು ಹೊತ್ತು ಏರಿ ಇಳಿಯುವಾಗ ಮಾತಾಡುತ್ತದೆ, ಅದೂ ತಗ್ಗಿದ ದನಿಯಲ್ಲಿ. ಗಾಜು ಇಳಿಸಿಕೊಂಡು ಆಡಿದ ಮಾತು ಮಾತ್ರ ಗಾಳಿಗೆ ಹೋಗಿಬಿಡುತ್ತದೆ, ಅದು ಯಾವ ಬಿಸಿಲಿಗೂ ಸಿಗುವುದಿಲ್ಲ. ಎಲ್ಲರೂ ಇದಕ್ಕೆ ಹೊಂದಿಕೊಂಡಿದ್ದಾರೆ. ಹೊಸದಾಗಿ ಮದುವೆಯಾದವರು ಜಗಳ ಬಂದರೆ ಕಾರು ನಿಲ್ಲಿಸಿ, ಇಳಿದು, ರಸ್ತೆ ಪಕ್ಕದಲ್ಲಿ ಕಿತ್ತಾಡಿ ಮುಗಿಸಿ, ಮತ್ತೆ ಹತ್ತುತ್ತಾರೆ. ಹಳೇ ಕಾರು ಮಾರುವವರು ಅವನ್ನು ಬೇಸಿಗೆಯುದ್ದಕ್ಕೂ ಒಣಗಿದ ಕೆರೆಯಂಗಳದಲ್ಲಿ ನಿಲ್ಲಿಸಿ ಖಾಲಿ ಮಾಡಿಸುತ್ತಾರೆ; ಆ ದಿನಗಳಲ್ಲಿ ಅತ್ತ ಹಾದರೆ ಸಂತೆಯಲ್ಲಿ ನಡೆದಂತಾಗುತ್ತದೆ. ಶಿಶುವಿಹಾರದ ವ್ಯಾನು ಮಧ್ಯಾಹ್ನ ಒಂದೇ ನಿಂತಿದ್ದಾಗಲೂ ಮಗ್ಗಿ ಹೇಳುತ್ತಿರುತ್ತದೆ. ಹೆಣ ಸಾಗಿಸುವ ಗಾಡಿಯನ್ನು ಅದರ ಡ್ರೈವರ್ ಯಾವಾಗಲೂ ಆಲದ ಮರದ ಕೆಳಗೇ ನಿಲ್ಲಿಸುತ್ತಾನೆ. ಅವನಿಗಾಗಿ ಆ ಜಾಗವನ್ನು ಎಲ್ಲರೂ ಬಿಟ್ಟುಕೊಡುತ್ತಾರೆ.

ಉಳಿದ ನೆರಳನ್ನು ಯಾರೂ ಯಾರಿಗೂ ಬಿಟ್ಟುಕೊಡುವುದಿಲ್ಲ. ಇದ್ದವರಿಗೆ ಶೆಡ್ಡಿದೆ, ಬೆಳ್ಳಿ ಬಣ್ಣದ ಹೊದಿಕೆಯಿದೆ, ಮುಂದಿನ ಗಾಜಿಗೆ ಅಡ್ಡ ಇಡಲು ಹೊಳೆಯುವ ರಟ್ಟಿದೆ. ಅವರ ಡ್ಯಾಶ್‌ಬೋರ್ಡು ಎಷ್ಟು ವರ್ಷವಾದರೂ ಕಪ್ಪಗೆ ಮಿರಮಿರ ಮಿಂಚುತ್ತದೆ. ಅದನ್ನು ತೋರಿಸಿ ನಮ್ಮದು ಮರ್ಯಾದಸ್ಥರ ಕಾರು ಎನ್ನುತ್ತಾರೆ. ನಮ್ಮಂಥವರ ಕಾರಿನ ಡ್ಯಾಶ್‌ಬೋರ್ಡು ಬೂದಿ ಬಣ್ಣಕ್ಕೆ ತಿರುಗಿ ಒಡೆದ ಹಿಮ್ಮಡಿಯ ಹಾಗಿರುತ್ತದೆ. ಅದನ್ನು ನೋಡಿ ಇವರ ಮನೆ ಮಾತೆಲ್ಲ ಬೀದಿಗೆ ಬಿದ್ದಿದೆ ಎಂದು ಮೂಗು ಮುರಿಯುತ್ತಾರೆ. ನೆರಳಿದ್ದವನಿಗೆ ಗುಟ್ಟು, ಇಲ್ಲದವನಿಗೆ ಗುಲ್ಲು. ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ. ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿ, ತಮ್ಮ ಕಾರನ್ನು ಇನ್ನಷ್ಟು ನೆರಳಿಗೆ ಸರಿಸುತ್ತಾರೆ.

ನಮ್ಮ ಬೀದಿಯಲ್ಲಿ ಒಂದು ಮರವೂ ಇಲ್ಲ. ಅಕ್ಕ ಹೇಮಲತ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಗಾದರೆ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ, ವಯಸ್ಸಾದವರ, ಬಸುರಿಯರ ರಕ್ತ ತೆಗೆದು, ಐಸ್ ಪೆಟ್ಟಿಗೆಯಲ್ಲಿಟ್ಟು, ಸೆಕೆಗೆ ಕೆಡದಿರಲೆಂದು ಗಾಜು ಮುಚ್ಚಿ ಏಸಿ ಹಾಕಿಕೊಂಡು ಲ್ಯಾಬಿಗೆ ಒಯ್ಯುತ್ತಾಳೆ. ಮಧ್ಯಾಹ್ನ ಮನೆಯ ಮುಂದೆ ಕಾರು ಉರಿಯುತ್ತಾ ನಿಂತಿರುತ್ತದೆ. ಸ್ಟೀರಿಂಗಿನ ಕವರು ಕರಗಿ ಅಂಗೈಗೆ ಅಂಟುತ್ತದೆ. ಸೀಟಿನ ರೆಕ್ಸಿನ್ನು ಹಪ್ಪಳದ ಹಾಗೆ ಎದ್ದು ಪುಡಿಯಾಗಿ ಸೀರೆಗೆ ಮೆತ್ತಿಕೊಳ್ಳುತ್ತದೆ. ಬೆಲ್ಟಿನ ಬಕಲ್ಲು ಮುಟ್ಟಿದವರು ಒಮ್ಮೆ ಕಿರುಚಿಯೇ ಕೂರಬೇಕು. ಚಾವಣಿಯ ಬಟ್ಟೆ ಅಂಟು ಬಿಟ್ಟು ಜೋತುಬಿದ್ದಿತ್ತು. ಅಕ್ಕ ಅದಕ್ಕೆ ಸಾಲಾಗಿ ಸೇಫ್ಟಿಪಿನ್ನು ಚುಚ್ಚಿದ್ದಾಳೆ. ಹಿಂದಿನದನ್ನು ನೋಡುವ ಕನ್ನಡಿ ಒಂದು ದಿನ ತಾನಾಗಿ ಕಳಚಿ ಅವಳ ಮಡಿಲಿಗೆ ಬಿದ್ದಿತ್ತು. ಅಕ್ಕನ ಮಾತೆಲ್ಲ ದಿನದಿನವೂ ಬೀದಿಗೆ ಸುರಿದು ಖಾಲಿಯಾಗುತ್ತಿದ್ದುದರಿಂದ ನೆರೆಹೊರೆಯವರಿಗೆ ಅದರಲ್ಲಿ ಯಾವ ಕುತೂಹಲವೂ ಉಳಿದಿರಲಿಲ್ಲ. ಇದನ್ನು ಬಲ್ಲ ಅಕ್ಕ, ಯಾರಾದರೂ ಅವಳ ಪಕ್ಕ ಕೂತು ಗುಟ್ಟಿನ ಮಾತು ತೆಗೆದರೆ, ತಡೆಯಿರಿ ಎಂದು ಕಾರು ನಿಲ್ಲಿಸಿ ಗಾಜು ಇಳಿಸುತ್ತಿದ್ದಳು.

ಇಂಥ ಕಾರನ್ನು ಕಾಯಿಸಿದರೆ ಏನೂ ಸಿಗುತ್ತಿರಲಿಲ್ಲ. ಕೆಲಸ ಕೆಡಿಸಿದ್ದು ಅಪ್ಪನ ಪ್ರೀತಿ. ಶಾಸ್ತ್ರದ ದಿನ ಗೊತ್ತಾದ ಕೂಡಲೇ ಅಪ್ಪ ಅಕ್ಕಿ ಗಿರಣಿಯ ಯಜಮಾನರ ಕೈಕಾಲು ಹಿಡಿದು ಅವರ ಗೋದಾಮಿನೊಳಗೆ ಜಾಗ ಕೇಳಿಕೊಂಡರು. ಕಾರು ಇನ್ನಷ್ಟು ಒಡೆಯದಿರಲಿ, ಬೀಗರ ಕಣ್ಣಿಗೆ ಚೆನ್ನಾಗಿ ಕಾಣಲಿ ಎಂದು, ಕೆಲಸ ಮುಗಿದದ್ದೇ ಅದನ್ನು ಅಲ್ಲಿ ತಂಪಿನಲ್ಲಿ ನಿಲ್ಲಿಸಿ, ಡ್ಯಾಶ್‌ಬೋರ್ಡಿಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದರು. ಹೀಗೆ ನಮ್ಮ ಕಾರು ಜೀವನದಲ್ಲಿ ಮೊದಲ ಬಾರಿಗೆ ಮಾತು ಕೂಡಿಟ್ಟುಕೊಂಡಿತು. ಅಪ್ಪ ಅದನ್ನು ಯೋಚಿಸಲೇ ಇಲ್ಲ. ನೆರಳು ಎಂದೂ ಇಲ್ಲದವರು ಮಾಡುವ ತಪ್ಪು ಇದು.

ಗಂಡು ಲೋಹಿತ. ವಿದ್ಯುತ್ ಕಚೇರಿಯಲ್ಲಿ ಕೆಲಸ. ಅವನಿಗೆ ಜ್ವರ ಬಂದಿದ್ದಾಗ ಅಕ್ಕ ರಕ್ತ ತೆಗೆಯಲು ಹೋಗಿದ್ದಳು. ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ ಎಂದು ಅವನೇ ಕೇಳಿಕೊಂಡು ಬಂದ ಸಂಬಂಧ. ಅಕ್ಕನಿಗೂ ಅವನ ಮೇಲೆ ಮನಸ್ಸಿತ್ತು. ಅದನ್ನು ನನ್ನ ಬಳಿ ಮಾತ್ರ ಹೇಳಿದ್ದಳು. ಹೇಳಿದ್ದು ಕಾರಿನಲ್ಲಿ.

ಕಿವಿ ಕೊಡುವ ಕೆಲಸಕ್ಕೆ ಲೋಹಿತನ ಸೋದರತ್ತೆ ಸಾಕಮ್ಮ ಕೂತಿದ್ದರು. ಊರಿನ ಅರ್ಧ ಮದುವೆಗಳಲ್ಲಿ ಬೆರಳಷ್ಟು ತೆರೆದ ಗಾಜಿಗೆ ಕಿವಿ ಹಚ್ಚಿದವರು. ತಲೆಗೆ ಒದ್ದೆ ಟವೆಲ್ ಹೊದ್ದು, ಬಾಯಿಗೆ ಎಲೆ ಅಡಿಕೆ ಹಾಕಿಕೊಂಡು, ಕೇಳಿದ್ದನ್ನು ಗಟ್ಟಿಯಾಗಿ ಎಲ್ಲರಿಗೂ ಒಪ್ಪಿಸುತ್ತಾರೆ. ಮೊದಲು ಸ್ಟೀರಿಂಗ್ ಬಾಯಿ ಬಿಟ್ಟಿತು.

"ರೋಡಿಗೆ ಹಂಪು ಹಾಕಿದೋನ ಕೈ ಸೇದೋಗ" ಎಂದರು ಸಾಕಮ್ಮ. "ಏನವ್ವ, ನಿಂದಾ ಇದು?"

"ನಂದೇ" ಎಂದಳು ಅಕ್ಕ.

"ಒಳ್ಳೇ ಬೈಗುಳನೇ ಕಣವ್ವ. ನಮ್ಮ ಬೀದೀಲೂ ಒಂದು ಹಾಕವ್ನೆ, ಬಂದು ಒಸಿ ಬೈದು ಹೋಗು."

ಎಲ್ಲರೂ ನಕ್ಕರು. ಆಮೇಲೆ ಡ್ಯಾಶ್‌ಬೋರ್ಡಿನಿಂದ ನನ್ನ ದನಿ ಬಂತು, ಸಾರಿನ ಪುಡಿ ಮುಗಿದಿದೆ ಎಂದು. ಅದರ ಹಿಂದೆ ಅಕ್ಕನ ದನಿ. ಸಾಕಮ್ಮ ಕಣ್ಣರಳಿಸಿ, ಎಲೆ ಅಡಿಕೆ ಉಗಿದು, ಲೋಹಿತನ ಕಡೆ ತಿರುಗಿದರು. "ಅವನ ಕಿವಿ ಎಷ್ಟು ಚೆನ್ನಾಗವೆ ಅಲ್ವೇನೇ, ಇಲಿಮರಿ ಥರ." ನೆರಳಿನಲ್ಲಿದ್ದ ಲೋಹಿತನ ಆ ಕಿವಿಗಳು ಕೆಂಪಾದವು. ಅಂಗಳವೆಲ್ಲ ಹೋ ಎಂದಿತು. ಅಕ್ಕ ತಲೆ ಎತ್ತಲಿಲ್ಲ. ನನ್ನದು ಎಂದು ಅವಳು ಹೇಳಲೇಬೇಕು, ಅದು ನಿಯಮ; ಹೇಳಿದಳು. ನಾನು ಚಾಪೆಯ ಎಳೆ ಕೀಳುತ್ತಾ ಕೂತಿದ್ದೆ. ತಂಗಿಯ ಬಳಿ ಪಿಸುಗುಟ್ಟಿದ ಒಂದೇ ಒಂದು ಮಾತು ಇವರಿಗೆ ಕೋಸಂಬರಿಯ ಜೊತೆ ನಂಜಿಕೊಳ್ಳಲು ಬೇಕೆ?

ಬಿಸಿಲು ನೆತ್ತಿ ದಾಟಿತು. ಅಕ್ಕನ ಕುಪ್ಪಸ ಬೆನ್ನಿಗೆ ಅಂಟಿತ್ತು. ಒಳಗೆ ಪಕ್ಕದ ಸೀಟಿನ ಸ್ಪಂಜು ಕಾಯತೊಡಗಿತು. ಮೊದಲು ಬಿಕ್ಕುವ ಸದ್ದು. ಗಂಡಸಿನ ಬಿಕ್ಕು.

ಸಾಕಮ್ಮ ತಮಾಷೆ ಬಿಟ್ಟು ಕಿವಿ ಒತ್ತಿದರು. "ಯಾರಿಗೂ ಹೇಳ್ಬೇಡಿ... ನಮ್ಮ ಮನೇಲಿ ಗೊತ್ತಾದ್ರೆ ನಾನು ಉಳಿಯಲ್ಲ... ಅಂತವ್ನೆ." ಮತ್ತೆ ಕಾದರು. "ಹೇಳಲ್ಲ, ಸಮಾಧಾನ ಮಾಡ್ಕೊಳಿ, ಅಂತೈತೆ ಹೆಣ್ಣು ದನಿ. ಇದು ನೀನೇ ಅಲ್ವೇನವ್ವ?"

"ಹೌದು."

"ಅವ್ನು?"

ಅಕ್ಕ ಸೆರಗಿನಿಂದ ಕತ್ತು ಒರೆಸಿಕೊಂಡಳು.

ಲೋಹಿತನ ತಂದೆ ಬೋರಲಿಂಗಯ್ಯನವರು ಕುರ್ಚಿಯಿಂದ ಮುಂದೆ ಬಾಗಿದರು. ಎತ್ತರದ ಆಳು, ತಗ್ಗಿನ ದನಿ. "ಯಾರಮ್ಮ ಆ ಮನುಷ್ಯ?"

"ರಿಪೋರ್ಟ್ ನೋಡಿ ಹೆದರಿದವರು ಸರ್. ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟೆ. ಮಳೆ ಬರ್ತಿತ್ತು, ಗಾಜು ಇಳಿಸೋಕೆ ಆಗಲಿಲ್ಲ."

"ಹೆಸರು?"

"ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ. ನೀವೇ ಕೇಳಿಸ್ಕೊಂಡ್ರಲ್ಲ ಈಗ."

"ಮದುವೆ ಆಗೋ ಹುಡುಗಿ ಕಾರಲ್ಲಿ ಗಂಡಸು ಕೂತು ಅಳ್ತಾನೆ. ನಾವು ಯಾರು ಅಂತ ಕೇಳಬಾರದಾ?"

ಅಪ್ಪ ಜಗಲಿಯಿಂದ ಎದ್ದು ಕೈ ಮುಗಿದರು. "ಯಜಮಾನ್ರೇ, ಅವಳ ಕೆಲಸವೇ ಅಂಥದ್ದು. ಹೇಮ, ಹೇಳಿಬಿಡಮ್ಮ. ಇವರೇನು ಹೊರಗಿನವರಾ?"

"ಅಪ್ಪ, ನಿಮ್ಮ ರಕ್ತದ ರಿಪೋರ್ಟಲ್ಲಿ ಏನಾದ್ರೂ ಇದ್ದಿದ್ರೆ ಇನ್ನೊಂದು ಮನೆ ಅಂಗಳದಲ್ಲಿ ಹೀಗೆ ಹೇಳ್ಬೇಕಿತ್ತಾ ನಾನು?"

ಅಪ್ಪ ಕೂತರು. ಬೋರಲಿಂಗಯ್ಯನವರು ಮಗನ ಕಡೆ ನೋಡದೆ ಹೇಳಿದರು: "ಹಂಗಾದ್ರೆ ಇಲ್ಲಿಗೆ ಬಿಡೋಣ. ಹೆಸರು ಹೇಳಿದ್ರೆ ಮುಂದಿನ ಮಾತು. ಮುಚ್ಚುಮರೆ ಇರೋ ಹೆಣ್ಣು ಈ ಮನೆಗೆ ಬೇಡ."

ನಾನು ಲೋಹಿತನನ್ನು ನೋಡಿದೆ. ಅವನು ತನ್ನ ಚಪ್ಪಲಿ ನೋಡುತ್ತಿದ್ದ. ಆಗ ನನಗೆ ತಡೆಯಲಾಗಲಿಲ್ಲ. ಅಂಗಳದ ಆ ಬದಿಗೆ ಅವರ ಶೆಡ್ಡಿತ್ತು. ಲೋಹಿತ ಹೈಸ್ಕೂಲಿನಲ್ಲಿದ್ದಾಗ ಕೊಂಡ ಕಾರು ಅದರೊಳಗೆ ಬೆಳ್ಳಿ ಹೊದಿಕೆ ಹೊದ್ದು ಮಲಗಿತ್ತು. ನಾನು ಅದರತ್ತ ಕೈ ಮಾಡಿದೆ.

"ಮುಚ್ಚುಮರೆ ಅಂದ್ರೆ ಏನು ಸರ್? ಅಲ್ಲಿ ಮುಚ್ಚಿಟ್ಟಿದೆಯಲ್ಲ, ಅದಾ? ಅದನ್ನೂ ಬಿಸಿಲಿಗಿಡಿ. ನಮಗೂ ಕಿವಿ ಇವೆ."

"ಕಲಾ, ಬಾಯಿ ಮುಚ್ಚೇ" ಎಂದರು ಅಪ್ಪ.

"ಗಂಡಿನ ಕಡೆ ಕಾರು ಕಾಯಿಸೋ ಪದ್ಧತಿ ಎಲ್ಲಿದೆ?" ಬೋರಲಿಂಗಯ್ಯನವರು ನಕ್ಕರು. "ನಿನ್ನೆ ಮೊನ್ನೆ ಹುಟ್ಟಿದ ಮಗು ಇದು, ಪಾಪ."

ಸಾಕಮ್ಮನಿಗೆ ಮಾತ್ರ ಆಸೆ ಹುಟ್ಟಿಬಿಟ್ಟಿತ್ತು. ಅವರು ಯಾರ ಪಕ್ಷವೂ ಅಲ್ಲ, ಬರೀ ಕಿವಿ. "ಇಡಲಿ ಬಿಡೋ ಬೋರಾ. ಅಷ್ಟು ವರ್ಷದ ಕಾರು, ಒಂದು ದಿನ ಬಿಸಿಲು ಕಂಡಿಲ್ಲ. ನಿನ್ ಕಾರಲ್ಲಿ ಯಾವ ಕಳ್ಳನೂ ಇಲ್ಲ ಅಂದ್ಮೇಲೆ ಯಾಕಿಂಗೆ ಬೆವರ್ತೀಯ ನೆರಳಲ್ಲಿ ಕೂತ್ಕೊಂಡು?"

ಆ ಹೊತ್ತಿಗೆ ಸರಿಯಾಗಿ ಲೋಹಿತನ ತಾಯಿ ದೇವೀರಮ್ಮ ಮಜ್ಜಿಗೆ ತಂದರು. ಬೆಳಗಿನಿಂದ ಅವರು ಒಳಗಿಂದ ಹೊರಗೆ, ಹೊರಗಿಂದ ಒಳಗೆ ಓಡಾಡುತ್ತಲೇ ಇದ್ದರು, ಒಂದು ಮಾತೂ ಆಡಿರಲಿಲ್ಲ. ತಟ್ಟೆಯನ್ನು ಗಂಡನ ಮುಂದೆ ಹಿಡಿದರು. ಲೋಟಗಳ ನಡುವೆ ಕಾರಿನ ಕೀ ಇತ್ತು.

ಬೋರಲಿಂಗಯ್ಯನವರು ಕೀಯನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಅಷ್ಟು ಜನರ ಎದುರು ಬೇಡವೆಂದರೆ ಸಾಕಮ್ಮನ ಮಾತು ನಿಜವಾಗುತ್ತಿತ್ತು. "ಇಡಿ, ಇಡಿ. ಈ ಮನೆ ಮಾತು ಎಷ್ಟು ಶುದ್ಧ ಅಂತ ಇವರಿಗೂ ಗೊತ್ತಾಗಲಿ" ಎಂದರು.

ನಮ್ಮ ಕಾರನ್ನು ಸರಿಸಿ ಅವರದನ್ನು ಹೊದಿಕೆ ತೆಗೆದು ತಂದು ನಿಲ್ಲಿಸಿದರು. ಬಿಸಿಲಿಗೆ ಬಂದದ್ದೇ ಡ್ಯಾಶ್‌ಬೋರ್ಡು ಹೊಸ ಚಪ್ಪಲಿಯ ಹಾಗೆ ಹೊಳೆಯಿತು. ಮೇಲೆ ಕೂರಿಸಿದ್ದ ಪ್ಲಾಸ್ಟಿಕ್ಕಿನ ಗಣಪನ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಮುಂದಿನ ಸೀಟುಗಳ ಮೇಲೆ ಕೊಂಡಾಗಿನ ಪ್ಲಾಸ್ಟಿಕ್ ಹಾಳೆ ಇನ್ನೂ ಇತ್ತು. ಸಾಕಮ್ಮ ಟವೆಲನ್ನು ಮತ್ತೆ ಒದ್ದೆ ಮಾಡಿಕೊಂಡು ಬಂದರು. ನಾನು ಅವರ ಪಕ್ಕ ಹೋಗಿ ನಿಂತೆ. ಯಾರೂ ಬೇಡವೆನ್ನಲಿಲ್ಲ.

ಬಿಸಿಲೆಂದರೇನೆಂದು ಗೊತ್ತಿರದ ಕಾರು ಬೇಗ ಸೋತಿತು. ಮೊದಲು ಹೊಸ ಪ್ಲಾಸ್ಟಿಕ್ಕಿನ ಘಾಟು ಬಂತು, ಗಣಪನ ಬುಡದ ಅಂಟು ಕರಗಿ ಅವನು ಓರೆಯಾಗಿ ವಾಲಿಕೊಂಡ, ಮೆತ್ತಗಾಯಿತು ಅವನ ಸೊಂಡಿಲು. ಆಮೇಲೆ ಡ್ಯಾಶ್‌ಬೋರ್ಡು ಟಪ್ಪೆಂದು ಒಂದು ಕಡೆ ಸೀಳಿತು. ಬಂದದ್ದು ಬೋರಲಿಂಗಯ್ಯನವರ ದನಿ. ಯಾರ ತೋಟದ ಬೇಲಿ ಎಲ್ಲಿಗೆ ಬಂದಿದೆ, ಯಾವ ನೆಂಟ ಯಾವಾಗ ಕೈಕೊಟ್ಟ, ಲೋಹಿತ ಯಾವ ಕಾಲೇಜು ಸೇರಬೇಕು, ಯಾವ ಅಂಗಿ ಹಾಕಬೇಕು. ಬರೀ ಅವರದೇ. ನಡುನಡುವೆ ಪಕ್ಕದ ಸೀಟಿನಿಂದ ಲೋಹಿತನ "ಆಯ್ತಪ್ಪ." ಬೇರೇನಿಲ್ಲ. ಬೋರಲಿಂಗಯ್ಯನವರು ಮೀಸೆಯ ಮೇಲೆ ಕೈಯಾಡಿಸಿ, "ಕೇಳಿದ್ರಲ್ಲ? ಸಾಕು, ಒಳಗೆ ತಗೊಂಡೋಗಿ" ಎಂದರು. ಜನ ಎದ್ದು ಪಂಚೆ ಕೊಡವಿಕೊಂಡರು. ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ಇವರ ಪಾಪವನ್ನೂ ನೆರಳೇ ತಿಂದುಹಾಕಿತೇನೋ ಅನ್ನಿಸಿತು.

"ತಡೀರಿ" ಎಂದರು ಸಾಕಮ್ಮ. "ಹಿಂದಿನ ಸೀಟು ಈಗ ಕಾಯ್ತಾ ಐತೆ."

ನಾನೂ ಕಿವಿ ಕೊಟ್ಟೆ. ಬಹಳ ದೂರದಿಂದ, ಬಟ್ಟೆಯ ಗಂಟಿನೊಳಗಿಂದ ಬಂದಂಥ ಹೆಂಗಸಿನ ದನಿ. ಸಾಕಮ್ಮ ಒಪ್ಪಿಸಿದರು:

"ಒಂಚೂರು ಗಾಜು ಇಳಿಸ್ಲಾ?"

ಅದರ ಹಿಂದೆಯೇ ಮುಂದಿನ ಸೀಟಿನಿಂದ ಬೋರಲಿಂಗಯ್ಯನವರದು: "ಬೇಡ."

"ಹ್ಞೂಂ."

ಮತ್ತೆ. "ಒಂಚೂರು ಗಾಜು ಇಳಿಸ್ಲಾ? ಸೆಕೆ." "ಮನೆ ಮಾತು ರಸ್ತೆಗೆ ಬೀಳುತ್ತೆ." "ಹ್ಞೂಂ." ಮತ್ತೆ. "ಹೊಟ್ಟೆ ತೊಳಸ್ತಿದೆ, ಗಾಜು ಇಳಿಸ್ಲಾ?" "ಊರು ಬಂತಲ್ಲ, ತಡಕೋ." "ಹ್ಞೂಂ." ಸಾಕಮ್ಮನ ದನಿ ಕಡಿಮೆಯಾಗುತ್ತಾ ಬಂತು. ಆಮೇಲೆ ಅವರು ಒಪ್ಪಿಸುವುದನ್ನೇ ಬಿಟ್ಟರು. ಕಾರು ಅಷ್ಟು ಕಾದಿತ್ತು, ಮಾತು ತಾನಾಗಿ ಅಂಗಳಕ್ಕೆಲ್ಲ ಕೇಳುತ್ತಿತ್ತು. "ಇಲ್ಲೇ ಬಿಟ್ಟು ಹೋಗ್ತೀರಾ? ಗಾಜಾದ್ರೂ ಇಳಿಸ್ಕೊಳ್ಲಾ?" "ಐದು ನಿಮಿಷ ಬಂದೆ." ಬಾಗಿಲು ಮುಚ್ಚಿದ ಸದ್ದು. ಉಸಿರು. ಉಸಿರು. ಬಹಳ ಹೊತ್ತು ಬರೀ ಉಸಿರು. ಮತ್ತೆ ಬಾಗಿಲು. "ಏನು, ಹಿಂಗೆ ನೆನೆದಿದ್ದೀಯ?" "ಏನಿಲ್ಲ." ಒಂದು ಇಡೀ ಬಾಳುವೆಗೆ ಆ ಸೀಟು ನೆನಪಿಟ್ಟುಕೊಂಡದ್ದು ಇಷ್ಟೇ: ಒಂದು ಪ್ರಶ್ನೆ, ಒಂದು ಬೇಡ, ಒಂದು ಹ್ಞೂಂ.

ಬೋರಲಿಂಗಯ್ಯನವರು ಎದ್ದರು. "ಇದರಲ್ಲೇನಿದೆ? ಇದೊಂದು ಮಾತಾ? ಎಲ್ಲರ ಮನೇಲೂ ಇರೋದೇ." ನೆರಳಿನಲ್ಲಿದ್ದ ಗಂಡಸರು ಕೆಲವರು ಹೌದು ಹೌದು ಎಂದು ಗೊಣಗಿದರು. ಎಲ್ಲರ ಮನೆಯಲ್ಲೂ ಇರುವುದೇ ನಿಜ. ನನಗೆ ಮೈ ಉರಿದದ್ದೇ ಅದಕ್ಕೆ.

ಅಕ್ಕ ಸ್ಟೂಲಿನಿಂದ ಎದ್ದಳು. ಅವಳ ಮುಖ ಕುದಿಸಿದ ಹಾಗೆ ಕೆಂಪಗಿತ್ತು. ಅವಳು ಬೋರಲಿಂಗಯ್ಯನವರ ಕಡೆ ನೋಡಲೇ ಇಲ್ಲ. ನೇರವಾಗಿ ನೆರಳಿಗೆ ಹೋಗಿ ಲೋಹಿತನ ಮುಂದೆ ನಿಂತಳು.

"ನೀವು ಮುಂದಿನ ಸೀಟಲ್ಲಿ ಕೂರ್ತಿದ್ರಿ."

"ಹೌದು."

"ಕೇಳಿಸ್ತಿತ್ತಾ?"

ಒಳ್ಳೆಯ ಹುಡುಗ, ಸುಳ್ಳು ಹೇಳಲಿಲ್ಲ. "ಕೇಳಿಸ್ತಿತ್ತು. ಆದ್ರೆ ಅಷ್ಟು ಸೆಕೆ ಇದೆ ಅಂತ ಅನ್ನಿಸ್ತಿರಲಿಲ್ಲ ಹೇಮ. ಮುಂದೆ ಏಸಿ ಬರ್ತಿತ್ತು."

"ಹಿಂದಕ್ಕೆ ಬರಲ್ಲ ಈ ಕಾರಲ್ಲಿ."

"ಗೊತ್ತಿರಲಿಲ್ಲ."

"ತಿರುಗಿ ನೋಡಿದ್ರೆ ಗೊತ್ತಾಗ್ತಿತ್ತು" ಎಂದಳು ಅಕ್ಕ. ದನಿ ಏರಿಸಲಿಲ್ಲ. ರಕ್ತ ತೆಗೆದು ಹತ್ತಿ ಒತ್ತಿ, ಸ್ವಲ್ಪ ಹೊತ್ತು ಹಿಡಿದುಕೊಳ್ಳಿ ಎನ್ನುವಾಗಿನ ದನಿ ಅದು. "ನನಗೆ ಈ ಮದುವೆ ಬೇಡ. ಅಪ್ಪ, ಏಳಿ."

ಅವಳು ಹಾಗೆಂದಾಗಲೇ ದೇವೀರಮ್ಮ ಮೆಟ್ಟಿಲಿಳಿದರು. ಮಜ್ಜಿಗೆ ತಟ್ಟೆಯನ್ನು ಗಂಡನ ಕುರ್ಚಿಯ ಮೇಲಿಟ್ಟು, ಬರಿಗಾಲಲ್ಲಿ ಕಾದ ಅಂಗಳ ದಾಟಿ, ಸೆರಗನ್ನು ಕೈಗೆ ಸುತ್ತಿಕೊಂಡು ಹಿಂದಿನ ಬಾಗಿಲ ಹಿಡಿಕೆ ಎಳೆದರು. ಬಾಗಿಲು ತೆಗೆದದ್ದೇ ಒಲೆಯ ಬಾಯಿ ತೆರೆದ ಹಾಗೆ ಝಳ ಬಂತು. ಹಿಂದಿನ ಗಾಜು ಕೈಯಿಂದ ತಿರುಗಿಸುವಂಥದು. ಎಂದೂ ತಿರುಗಿಸದೆ ಬಿಗಿದುಕೊಂಡಿತ್ತು. ಅವರು ಎರಡೂ ಕೈ ಹಾಕಿ, ತುಟಿ ಕಚ್ಚಿ ತಿರುಗಿಸಿದರು. ಕಿರ್ರೆಂದು ಗಾಜು ಪೂರ್ತಿ ಒಳಗಿಳಿಯಿತು. ಆ ಬದಿಗೆ ಹೋಗಿ ಅದನ್ನೂ ಇಳಿಸಿದರು. ಒಳಗೆ ಉಳಿದದ್ದೆಲ್ಲ ಒಟ್ಟಿಗೆ ಹೊರನುಗ್ಗಿ, ಒಂದೂ ಬಿಡಿಯಾಗಿ ಕೇಳಿಸದೆ, ಹೊಂಗೆ ಮರದ ಎಲೆ ಅಲ್ಲಾಡಿಸಿ ಹೋಯಿತು.

"ದೇವಿ, ಏನಿದು?" ಎಂದರು ಬೋರಲಿಂಗಯ್ಯನವರು.

ದೇವೀರಮ್ಮ ನಮ್ಮ ಕಾರಿನ ಹತ್ತಿರ ಬಂದರು. ಅಕ್ಕ ಆಗಲೇ ಸ್ಟೀರಿಂಗಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದಳು.

"ತಂಗಿ ಮನೆಗೆ ಹೋಗ್ಬೇಕು ಕಣಮ್ಮ. ಕೆರೆ ಏರಿ ಆಚೆ. ಬಿಡ್ತೀಯಾ?"

"ಬನ್ನಿ. ಸೀಟು ಸುಡುತ್ತೆ, ಟವೆಲ್ ಹಾಸ್ತೀನಿ."

"ಮುಂದೆ ಕೂತ್ಕೊಳ್ಲಾ?"

ಪಕ್ಕದ ಸೀಟಿನಲ್ಲಿ ಕೂತಿದ್ದ ಅಪ್ಪ ತಾವಾಗಿಯೇ ಇಳಿದು ಹಿಂದೆ ನನ್ನ ಪಕ್ಕಕ್ಕೆ ಬಂದರು. ದೇವೀರಮ್ಮ ಕೂತು, ಬೆಲ್ಟಿನ ಬಕಲ್ಲು ಮುಟ್ಟಿ ಹಾ ಎಂದು ಕಿರುಚಿ, ಆಮೇಲೆ ನಕ್ಕರು. ಸಾಕಮ್ಮ ಗೇಟಿನವರೆಗೆ ಓಡಿಬಂದು ಕೂಗಿದರು: "ಏನೇ ದೇವಿ, ಯಾವಾಗ ಬತ್ತೀಯೇ?" ಗಾಡಿ ಹೊರಟಿತ್ತು. ಅಕ್ಕ ನಾಲ್ಕೂ ಗಾಜು ಇಳಿಸಿದಳು. ಐಸ್ ಪೆಟ್ಟಿಗೆಯಲ್ಲಿ ಅಂದು ಏನೂ ಇರಲಿಲ್ಲ.

ಕೆರೆ ಏರಿಯ ಮೇಲೆ ಗಾಳಿ ಜೋರಾಗಿತ್ತು. ಚಾವಣಿಯ ಬಟ್ಟೆ ಸೇಫ್ಟಿಪಿನ್ನುಗಳ ನಡುವೆ ಪಟಪಟ ಬಡಿಯುತ್ತಿತ್ತು. ದೇವೀರಮ್ಮ ಮೊಣಕೈಯನ್ನು ಕಿಟಕಿಯಾಚೆ ಚಾಚಿ ಮಾತಾಡತೊಡಗಿದರು. ತಂಗಿಯ ಮನೆ ಬರುವವರೆಗೂ, ಬಂದ ಮೇಲೂ ಕಾರು ನಿಲ್ಲಿಸಿಕೊಂಡು, ಕೈ ಆಡಿಸುತ್ತಾ, ನಡುವೆ ನಗುತ್ತಾ, ಒಮ್ಮೆ ಕೆಟ್ಟದಾಗಿ ಬೈಯುತ್ತಾ ಆಡಿದರು. ನಾವು ಮೂವರೂ ಕೇಳಿದೆವು. ಅದರಲ್ಲಿ ಒಂದೇ ಒಂದು ಮಾತೂ ನಮ್ಮ ಕಾರಿನಲ್ಲಿ ಉಳಿದಿಲ್ಲ. ಬೇಕಾದವರು ಬಂದು ಬಿಸಿಲಿಗಿಟ್ಟು ನೋಡಿಕೊಳ್ಳಲಿ.